ಎಂಟು ವಾರದ ಮೊಡವೆ

ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿ ಓದುವ ಮಗುವಿನ ಹಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕೆಲವೊಮ್ಮೆ ರವೆಯಷ್ಟು ಸಣ್ಣ ಕಾಳುಗಳು ಕಾಣುತ್ತವೆ. ನೋವಿಲ್ಲ, ಕೆಂಪಿಲ್ಲ, ಕೀವೂ ಇಲ್ಲ. ಮುಟ್ಟಿದರೆ ಮಾತ್ರ ತರಿತರಿ. "ಉಷ್ಣ ಆಗಿದೆ, ಎಳನೀರು ಕುಡಿಸಿ" ಎನ್ನುತ್ತಾರೆ ಅಜ್ಜಿ. "ನೆಟ್ಟಗೆ ಮುಖ ತೊಳೀತಾನಾ ಇವ್ನು?" ಎನ್ನುತ್ತಾರೆ ಅಪ್ಪ. ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ, ತರೀಕೆರೆಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಅಜ್ಜಂಪುರದಲ್ಲಾಗಲಿ, ಮಕ್ಕಳಿರುವ ಮನೆಗಳಲ್ಲಿ ಈ ಎರಡು ಮಾತು ಕೇಳದೆ ಇರುವುದಿಲ್ಲ. ಎಳನೀರಿನಿಂದ ಕೆಡುಕೇನೂ ಇಲ್ಲ. ಆದರೆ ಆ ಕಾಳುಗಳಿಗೆ ಉಷ್ಣವೂ ಕಾರಣವಲ್ಲ, ಕೊಳೆಯೂ ಕಾರಣವಲ್ಲ. ಮಗು ಬೆಳೆಯುತ್ತಿದೆ ಎಂಬುದರ ಮೊದಲ ಸುದ್ದಿಯನ್ನು ಎಷ್ಟೋ ಸಲ ಹಣೆ ಮತ್ತು ಮೂಗೇ ಕೊಡುತ್ತವೆ.

ನಮ್ಮ ಚರ್ಮದಲ್ಲಿ ಕೂದಲು ಹುಟ್ಟುವ ಒಂದೊಂದು ಕುಳಿಗೂ ಅಂಟಿಕೊಂಡಂತೆ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಮುಖ ಮತ್ತು ನೆತ್ತಿಯಲ್ಲಿ ಇವು ಒತ್ತಾಗಿವೆ: ಚದರ ಸೆಂಟಿಮೀಟರಿಗೆ 400ರಿಂದ 900. ಮಗು ಹುಟ್ಟುವಾಗ ತಾಯಿಯ ರಕ್ತದಿಂದ ಬಂದ ಹಾರ್ಮೋನುಗಳ ಪ್ರಭಾವದಿಂದ ಇವು ಚುರುಕಾಗಿರುತ್ತವೆ. ಆಮೇಲೆ ಕೆಲವು ವರ್ಷ ನಿದ್ರೆ. ಏಳೆಂಟು ವರ್ಷದ ಹೊತ್ತಿಗೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಆಂಡ್ರೊಜನ್ ಗುಂಪಿನ ಹಾರ್ಮೋನುಗಳನ್ನು ಹೆಚ್ಚು ಹೆಚ್ಚಾಗಿ ರಕ್ತಕ್ಕೆ ಬಿಡಲು ಶುರುಮಾಡುತ್ತವೆ. ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಇದು ನಡೆಯುತ್ತದೆ. ಎಣ್ಣೆ ಗ್ರಂಥಿಗಳು ಆ ಹಾರ್ಮೋನಿಗೆ ಓಗೊಟ್ಟು ಹಿಗ್ಗುತ್ತವೆ. ಅವುಗಳೊಳಗಿನ ಕೋಶಗಳು ಕೊಬ್ಬನ್ನು ತುಂಬಿಕೊಂಡು, ಕೊನೆಗೆ ತಾವೇ ಒಡೆದು ಎಣ್ಣೆಯಾಗಿ ಹೊರಬರುತ್ತವೆ.

ಎಣ್ಣೆ ಹೊರಗೆ ಹರಿದುಹೋದರೆ ತೊಂದರೆಯಿಲ್ಲ. ಅದೇ ಹೊತ್ತಿಗೆ ಕುಳಿಯ ಒಳಗೋಡೆಯ ಕೋಶಗಳು ಹೆಚ್ಚಾಗಿ ಹುಟ್ಟುತ್ತವೆ, ಉದುರಬೇಕಾದವು ಉದುರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆರೆಯ ತೂಬಿಗೆ ಕಸ ಕಟ್ಟಿಕೊಂಡ ಹಾಗೆ ಎಣ್ಣೆಯ ದಾರಿ ಕಟ್ಟುತ್ತದೆ. ಈ ಮೊದಲ ಬೆಣೆ ಕಣ್ಣಿಗೆ ಕಾಣುವುದಿಲ್ಲ. ದೊಡ್ಡದಾದಾಗ ಬಾಯಿ ಮುಚ್ಚಿದ್ದರೆ ಬಿಳಿ ಕಾಳು, ತೆರೆದಿದ್ದರೆ ಕಪ್ಪು ತಲೆ. ಆ ಕಪ್ಪನ್ನು ಕೊಳೆ ಎಂದೇ ಜನ ತಿಳಿಯುತ್ತಾರೆ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಮತ್ತು ಗಾಳಿಗೆ ಒಡ್ಡಿಕೊಂಡು ಬದಲಾದ ಕೊಬ್ಬು ಸೇರಿ ಅಲ್ಲಿ ಕಪ್ಪಾಗಿರುತ್ತದೆ. ಎಷ್ಟು ಉಜ್ಜಿದರೂ ಹೋಗದಿರುವುದಕ್ಕೆ ಅದೇ ಕಾರಣ.

ಎಲ್ಲರ ಚರ್ಮದ ಮೇಲೂ ವಾಸಿಸುವ ಒಂದು ಬ್ಯಾಕ್ಟೀರಿಯಾ ಇದೆ. ಮೊದಲು ಅದನ್ನು ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಎನ್ನುತ್ತಿದ್ದರು. 2016ರಿಂದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎನ್ನುತ್ತಾರೆ. ಗಾಳಿಯಿಲ್ಲದ, ಎಣ್ಣೆ ತುಂಬಿದ ಮುಚ್ಚಿದ ಕುಳಿ ಅದಕ್ಕೆ ಹೇಳಿಮಾಡಿಸಿದ ಜಾಗ. ಅದು ಕೊಬ್ಬನ್ನು ಒಡೆಯುತ್ತದೆ, ದೇಹದ ರಕ್ಷಣಾ ಪಡೆ ಎಚ್ಚರಗೊಳ್ಳುತ್ತದೆ, ಕುಳಿಯ ಗೋಡೆ ಬಿರಿಯುತ್ತದೆ. ಆಗ ಕಾಣುವುದೇ ನಾವು ಮೊಡವೆ ಎನ್ನುವ ಕೆಂಪು ಗುಳ್ಳೆ, ಕೀವಿನ ಗುಳ್ಳೆ, ಒಳಗೇ ಗಟ್ಟಿಯಾಗಿ ನೋಯುವ ಗಂಟು.

ಈ ಅಧ್ಯಾಯದ ಉಳಿದೆಲ್ಲ ಮಾತು ನಿಂತಿರುವುದು ಒಂದು ಲೆಕ್ಕದ ಮೇಲೆ. ಕಣ್ಣಿಗೆ ಕಾಣದ ಮೊದಲ ಬೆಣೆ ಗುಳ್ಳೆಯಾಗಿ ಮೇಲೇಳಲು ಸುಮಾರು ಎಂಟು ವಾರ ಹಿಡಿಯುತ್ತದೆ. ಇವತ್ತು ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆಗೆ ನಿನ್ನೆ ತಿಂದ ಬೋಂಡಾ ಹೊಣೆಯಲ್ಲ. ಅದು ಹುಟ್ಟಿದ್ದು ಎರಡು ತಿಂಗಳ ಹಿಂದೆ. ಇವತ್ತು ಶುರುಮಾಡಿದ ಆರೈಕೆಯ ಫಲವನ್ನೂ ಎರಡು ತಿಂಗಳಾದ ಮೇಲೆಯೇ ನೋಡಬೇಕು. ವಾರಕ್ಕೊಂದು ಸೋಪು, ಹದಿನೈದು ದಿನಕ್ಕೊಂದು ಕ್ರೀಮು ಬದಲಿಸುವ ಮನೆಯಲ್ಲಿ ಯಾವುದೂ ಕೆಲಸ ಮಾಡಲಿಲ್ಲ ಎಂಬ ನಿರಾಶೆ ಹುಟ್ಟುತ್ತದೆ. ಯಾವುದಕ್ಕೂ ಕೆಲಸ ಮಾಡುವಷ್ಟು ಸಮಯ ಸಿಕ್ಕಿರುವುದಿಲ್ಲ, ಅಷ್ಟೆ.

ಈಗ ಎಣ್ಣೆಯ ವಿಷಯ. ಕಡೂರು, ಬೀರೂರು ಸೀಮೆ ತೆಂಗಿನ ಸೀಮೆ. ಕೊಬ್ಬರಿ ಎಣ್ಣೆ ಇಲ್ಲಿ ಅಂಗಡಿಯ ಸರಕಷ್ಟೇ ಅಲ್ಲ. ಗಾಣದಲ್ಲಿ ಆಡಿಸಿ ತಂದು ಮನೆಯಲ್ಲಿಟ್ಟುಕೊಳ್ಳುವ ಪದಾರ್ಥ. ಕೂಸಿಗೆ ನೀರು ಹಾಕುವ ಮೊದಲು ಮೈಗೆಲ್ಲ ಅದೇ. ಸ್ಕೂಲಿಗೆ ಹೊರಡುವ ಹುಡುಗಿಗೆ ತಲೆತುಂಬ ಅದನ್ನೇ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಾರೆ. ಹುಡುಗರಾದರೆ ಅಂಗೈಯಲ್ಲಿ ಉಳಿದದ್ದನ್ನು ಮುಖಕ್ಕೂ ಸವರಿಕೊಂಡು ಓಡುತ್ತಾರೆ. ಹತ್ತು ಗಂಟೆಯ ಬಿಸಿಲಿಗೆ ಎಣ್ಣೆ ಬೆವರಿನ ಜೊತೆ ಹಣೆಗೆ, ಕಪಾಳದ ಅಂಚಿಗೆ ಇಳಿಯುತ್ತದೆ. ಮಧ್ಯಾಹ್ನದವರೆಗೂ ಅಲ್ಲೇ ಇರುತ್ತದೆ.

1970ರಲ್ಲಿ ಅಮೆರಿಕದಲ್ಲಿ ಚರ್ಮವೈದ್ಯರಾದ ಪ್ಲೆವಿಗ್, ಫುಲ್ಟನ್ ಮತ್ತು ಕ್ಲಿಗ್‌ಮನ್ ತಲೆಗೂದಲಿಗೆ ಎಣ್ಣೆ, ಜಿಡ್ಡಿನ ಲೇಪ ಹಚ್ಚುವ ಕಪ್ಪು ಜನರ ಹಣೆ ಮತ್ತು ಕಣತಲೆಗಳಲ್ಲಿ ಒತ್ತೊತ್ತಾಗಿ ಏಳುವ ಸಣ್ಣ ಕಾಳುಗಳನ್ನು ವಿವರಿಸಿದರು. ಅದಕ್ಕೆ ಪೊಮೇಡ್ ಮೊಡವೆ ಎಂಬ ಹೆಸರು ಬಂತು. ಕೂದಲಿನ ಅಂಚಿನುದ್ದಕ್ಕೂ ಸಾಲಾಗಿ ಏಳುವುದು ಇದರ ಗುರುತು. ಹುಬ್ಬಿನಿಂದ ಕೆಳಗೆ ಮುಖ ನುಣ್ಣಗಿದ್ದು ಹಣೆಯ ಮೇಲಂಚು ಮಾತ್ರ ತರಿತರಿಯಾಗಿರುವ ಮಗುವನ್ನು ಕಂಡರೆ ನಾನು ಮೊದಲು ಕೇಳುವುದು ತಲೆಗೆ ಎಣ್ಣೆ ಯಾವಾಗ ಹಚ್ಚುತ್ತೀರಿ ಎಂದು. (ಕ್ಲಿಗ್‌ಮನ್ ಹೆಸರು ಬಂದಾಗ ಇನ್ನೊಂದು ಮಾತನ್ನೂ ಹೇಳದೆ ಬಿಡಬಾರದು. ಮೊಡವೆಗೆ ಟ್ರೆಟಿನೊಯಿನ್ ಎಂಬ ಒಳ್ಳೆಯ ಔಷಧಿಯನ್ನು ಬಳಕೆಗೆ ತಂದವರು ಅವರು. ಅದೇ ಮನುಷ್ಯ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ 1974ರವರೆಗೂ ಪ್ರಯೋಗ ನಡೆಸಿದರು. ನಮ್ಮ ಮಕ್ಕಳ ಮುಖ ತಿಳಿಯಾಗಿಸುವ ಜ್ಞಾನದ ಹಿಂದೆ ಆ ಕೈದಿಗಳ ಮೈಯೂ ಇದೆ.)

ಕೊಬ್ಬರಿ ಎಣ್ಣೆಯ ಪರವಾಗಿ ಒಂದು ವಾದವಿದೆ. ಅದರ ಕೊಬ್ಬಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಲಾರಿಕ್ ಆಮ್ಲ. ಈ ಆಮ್ಲ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು ಎಂದು 2009ರಲ್ಲಿ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು. ಅದನ್ನೇ ಹಿಡಿದು ಮೊಡವೆಗೆ ಕೊಬ್ಬರಿ ಎಣ್ಣೆ ಮದ್ದು ಎಂದು ಮೊಬೈಲಿನಲ್ಲಿ ಹೇಳುವವರಿದ್ದಾರೆ. ಎಣ್ಣೆಯಲ್ಲಿ ಲಾರಿಕ್ ಆಮ್ಲ ಬಿಡಿಯಾಗಿ ಇರುವುದಿಲ್ಲ, ಗ್ಲಿಸರಾಲಿಗೆ ಬೆಸೆದುಕೊಂಡಿರುತ್ತದೆ. ಪ್ರಯೋಗದಲ್ಲಿ ಬಳಸಿದ್ದು ಬಿಡಿ ಆಮ್ಲ. ಗಾಣದ ಎಣ್ಣೆಯನ್ನು ಮುಖಕ್ಕೆ ಬಳಿದಾಗ ಅದು ಮೊದಲು ಮಾಡುವ ಕೆಲಸ ಕುಳಿಯ ಬಾಯನ್ನು ಮುಚ್ಚುವುದೇ. ರಂಧ್ರ ಕಟ್ಟಿಸುವ ಗುಣವನ್ನು ಅಳೆಯುವ ಪಟ್ಟಿಗಳಲ್ಲಿ ಕೊಬ್ಬರಿ ಎಣ್ಣೆ ಮೇಲಿನ ಸಾಲಿನಲ್ಲಿದೆ. ಆ ಪಟ್ಟಿಗಳು ಬಹುಮಟ್ಟಿಗೆ ಮೊಲದ ಕಿವಿಯ ಮೇಲಿನ ಪರೀಕ್ಷೆಯಿಂದ ಬಂದವು, ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪಟ್ಟಿಯ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಮೊಡವೆ ಏಳುವ ಮಗುವಿನ ಮುಖಕ್ಕೆ ಎಣ್ಣೆ ಬೇಡ ಎನ್ನಲು ಮಾತ್ರ ಇಷ್ಟು ಸಾಕು.

ಹಾಗೆಂದು ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಡಿಸಲು ಹೋದರೆ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಜಗಳ ತಂದಿಟ್ಟ ಹಾಗಾಗುತ್ತದೆ. ಅದರ ಅಗತ್ಯವೂ ಇಲ್ಲ. ಹಚ್ಚುವ ಹೊತ್ತು ಬದಲಾದರೆ ಸಾಕು. ತಲೆಗೆ ನೀರು ಹಾಕಿಕೊಳ್ಳುವ ದಿನ, ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ಸೀಗೆಕಾಯಿಯೋ ಶಾಂಪೂವೋ ಹಾಕಿ ತೊಳೆದು, ಕೊನೆಗೆ ಹಣೆ, ಕತ್ತಿನ ಹಿಂಭಾಗ, ಬೆನ್ನನ್ನು ಇನ್ನೊಮ್ಮೆ ತೊಳೆಯುವುದು. ಬೆಳಿಗ್ಗೆ ಜಡೆ ಹಾಕುವಾಗ ಎಣ್ಣೆ ಬೇಕೇ ಬೇಕೆಂದರೆ ಕೂದಲಿನ ತುದಿಗೆ ನಾಲ್ಕು ಹನಿ. ರಾತ್ರಿ ಎಣ್ಣೆತಲೆಯಲ್ಲಿ ಮಲಗುವುದು ಬೇಡ, ಅದು ದಿಂಬಿಗೆ ಇಳಿದು ಅಲ್ಲಿಂದ ಕೆನ್ನೆಗೆ ಬರುತ್ತದೆ. ದಿಂಬಿನ ಚೀಲವನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು.

ಮುಖ ತೊಳೆಯುವ ಅಭ್ಯಾಸಕ್ಕೆ ಬರೋಣ. ಇಲ್ಲಿ ನಮ್ಮ ಕಡೆಯ ಮನೆಗಳಿಗೆ ಒಂದು ಅನುಕೂಲವಿದೆ. ಮಕ್ಕಳು ಸ್ಕೂಲಿಂದ ಬಂದೊಡನೆ "ಕೈಕಾಲು ಮುಖ ತೊಳ್ಕೊಂಡು ಬಾ, ಆಮೇಲೆ ತಿಂಡಿ" ಎನ್ನುವ ಅಮ್ಮಂದಿರು ಇನ್ನೂ ಇದ್ದಾರೆ. ದೀಪ ಹಚ್ಚುವ ಹೊತ್ತಿಗೆ ಮೈಕೈ ಚೊಕ್ಕಟವಾಗಿರಬೇಕು ಎನ್ನುವುದು ಇಲ್ಲಿನ ಹಳೆಯ ಕಟ್ಟಳೆ. ಹೊಸ ಅಭ್ಯಾಸ ಬೇರೂರಲು ಇಂಥ ಹಳೆಯ ಗೂಟವೇ ಬೇಕು ಎಂದು ಮನಶ್ಶಾಸ್ತ್ರ ಹೇಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ, ದಿನನಿತ್ಯದ ಒಂದು ಗಳಿಗೆಗೆ ಕಟ್ಟಿಹಾಕಿದ ಹೊಸ ಕೆಲಸ ಯೋಚಿಸದೆ ತಾನೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು ಎಂದು 2010ರಲ್ಲಿ ವರದಿ ಮಾಡಿದರು. ಕೆಲವರಿಗೆ 18 ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂಬುದೂ ಅದರಲ್ಲಿ ಕಂಡಿತು. ಅವರೆಲ್ಲ ದೊಡ್ಡವರು, ಮಕ್ಕಳ ಲೆಕ್ಕ ಬೇರೆ ಇರಬಹುದು. ಆದರೂ 66 ದಿನ ಎಂದರೆ ಸುಮಾರು ಒಂಬತ್ತು ವಾರ. ಚರ್ಮಕ್ಕೆ ಬೇಕಾದ ಎಂಟು ವಾರ, ಮನಸ್ಸಿಗೆ ಬೇಕಾದ ಒಂಬತ್ತು ವಾರ ಹೀಗೆ ಅಕ್ಕಪಕ್ಕ ನಿಂತಿರುವುದು ತಂದೆತಾಯಿಗೆ ಸಹಾಯವೇ. ಯುಗಾದಿಗೆ ಶುರುಮಾಡಿದ ಮಗು ಸ್ಕೂಲು ತೆರೆಯುವ ಹೊತ್ತಿಗೆ ಅಭ್ಯಾಸವನ್ನೂ ಕಂಡಿರುತ್ತದೆ, ಫಲದ ಮೊದಲ ಸುಳಿವನ್ನೂ ಕಂಡಿರುತ್ತದೆ.

ದಿನಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಟವಾಡಿ ಬೆವತರೆ ಬರೀ ನೀರಿನಲ್ಲಿ ಇನ್ನೊಮ್ಮೆ. ಕೈಬೆರಳಿನಿಂದ ಮೆಲ್ಲಗೆ, ಉಗುರುಬೆಚ್ಚಗಿನ ಅಥವಾ ತಣ್ಣೀರಿನಲ್ಲಿ. ಬ್ರಷ್ಷು, ನಾರು, ಒರಟು ಬಟ್ಟೆ ಯಾವುದೂ ಬೇಡ. ಉಜ್ಜಿದಷ್ಟೂ ಕುಳಿಯ ಗೋಡೆ ಬಿರಿಯುವ ಸಂಭವ ಹೆಚ್ಚು.

ಸೋಪಿನ ಬಗ್ಗೆ ಈ ಸೀಮೆಗೇ ಸಂಬಂಧಿಸಿದ ಒಂದು ಮಾತಿದೆ. ಆರೋಗ್ಯವಂತ ಚರ್ಮದ ಮೇಲ್ಪದರ ಸ್ವಲ್ಪ ಹುಳಿ, ಅದರ ಪಿಎಚ್ ಐದರ ಆಸುಪಾಸು. ಸಾಮಾನ್ಯ ಸೋಪಿನದು ಒಂಬತ್ತು, ಹತ್ತು. ಮೇಲಾಗಿ ಬಯಲುಸೀಮೆಯ ಕಡೆಗೆ ಸರಿದ ಹಾಗೆಲ್ಲ ಬೋರ್‌ವೆಲ್ ನೀರು ಗಡಸು. ಬಚ್ಚಲ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದವರಿಗೆ ಇದು ಗೊತ್ತು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಕರಗದ ಜಿಡ್ಡಾಗುತ್ತದೆ. ನೊರೆ ಬರುವುದಿಲ್ಲ, ಆ ಜಿಡ್ಡು ಚರ್ಮದ ಮೇಲೂ ಕೂರುತ್ತದೆ. ನೊರೆ ಬರಲಿಲ್ಲವೆಂದು ಮಗು ಇನ್ನಷ್ಟು ಸೋಪು ಉಜ್ಜುತ್ತದೆ, ಚರ್ಮ ಬಿರಿಬಿರಿ ಎನ್ನುತ್ತದೆ. ಬಟ್ಟೆ ಸೋಪು, ಡೆಟಾಲ್ ಬೆರೆಸಿದ ನೀರು ಮುಖಕ್ಕೆ ಬರಲೇಕೂಡದು. ಅಂಗಡಿಯಲ್ಲಿ ಸಿಗುವ ಸೌಮ್ಯವಾದ, ಸೋಪಲ್ಲದ ಕ್ಲೆನ್ಸರ್ ಒಳ್ಳೆಯದು, ಅದು ಗಡಸು ನೀರಿನಲ್ಲೂ ಜಿಡ್ಡು ಕಟ್ಟುವುದಿಲ್ಲ. ಕೊಳ್ಳಲಾಗದಿದ್ದರೆ ಮಳೆಗಾಲದಲ್ಲಿ ಹಿಡಿದಿಟ್ಟ ನೀರಿನಲ್ಲಿ ಸ್ವಲ್ಪವೇ ಸೋಪು ಮುಟ್ಟಿಸಿ ತೊಳೆದರೂ ಆದೀತು. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣಗಾಳಿಯಲ್ಲಿ ತೊಳೆದ ಮುಖಕ್ಕೆ ಎಣ್ಣೆಯಂಶವಿಲ್ಲದ ತೆಳುವಾದ ಮಾಯಿಶ್ಚರೈಸರ್ ಬೇಕಾಗಬಹುದು. ಮೊಡವೆ ಇರುವ ಮುಖ ಒಣಗಿಯೂ ಇರಬಲ್ಲದು ಎಂಬುದನ್ನು ಬಹಳ ಜನ ನಂಬುವುದಿಲ್ಲ.

ಹಾಸ್ಟೆಲಿನಲ್ಲಿ ಓದುವ ಮಕ್ಕಳನ್ನು ಇಲ್ಲಿ ನೆನೆಯಬೇಕು. ವಸತಿ ಶಾಲೆಯಲ್ಲಿರುವ ಹನ್ನೊಂದು ವರ್ಷದ ಮಗುವಿಗೆ ಸಂಜೆ ಕರೆದು ಹೇಳುವ ಅಮ್ಮ ಹತ್ತಿರವಿಲ್ಲ. ತನ್ನದೇ ಟವೆಲು, ತನ್ನದೇ ಸೋಪು, ಎರಡು ದಿಂಬಿನ ಚೀಲ, ಇಷ್ಟನ್ನು ಟ್ರಂಕಿಗೆ ಹಾಕಿ ಕಳಿಸಿ. ಭಾನುವಾರದ ಫೋನಿನಲ್ಲಿ ಮಾರ್ಕ್ಸಿನ ಜೊತೆಗೆ ಇದನ್ನೂ ವಿಚಾರಿಸಿ.

ಅಡುಗೆಮನೆಯ ಮದ್ದುಗಳ ಬಗ್ಗೆ ಉದ್ದ ಮಾತು ಬೇಡ. ಅರಿಶಿನ, ಕಡಲೆಹಿಟ್ಟು ಸಾಧಾರಣವಾಗಿ ಕೆಡುಕು ಮಾಡುವುದಿಲ್ಲ, ಮೊಡವೆಯನ್ನು ಗುಣ ಮಾಡುವುದೂ ಇಲ್ಲ. ಹಿಟ್ಟಿನಿಂದ ತಿಕ್ಕುವುದು ಮಾತ್ರ ಕೆಟ್ಟದ್ದು. ನಿಂಬೆರಸ ಬೇಡವೇ ಬೇಡ. ಅದು ತೀರಾ ಹುಳಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳಬಹುದು. ಟೂತ್‌ಪೇಸ್ಟೂ ಚರ್ಮವನ್ನು ಸುಡುತ್ತದೆ.

ಗುಳ್ಳೆ ಚಿವುಟುವ ಕೈಯನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ಹೊರಗೆ ಬಂದ ಕೀವಿನಷ್ಟೇ ಒಳಗೂ ಒಡೆಯುತ್ತದೆ ಎಂದು ಮಗುವಿಗೆ ಚಿತ್ರ ಬರೆದು ತೋರಿಸಿದರೆ ಬೈಗುಳಕ್ಕಿಂತ ಚೆನ್ನಾಗಿ ನಾಟುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಉರಿಯೂತ ಇಳಿದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ, ಅದು ಮಾಯಲು ತಿಂಗಳುಗಳೇ ಬೇಕು. ಬಿಸಿಲು ಅದನ್ನು ಇನ್ನೂ ಗಾಢಗೊಳಿಸುತ್ತದೆ. ಕಲೆ ಹೋಗುತ್ತದೆ, ಆದರೆ ಗುಂಡಿಬಿದ್ದ ಗಾಯ ಪೂರ್ತಿ ತುಂಬಿಕೊಳ್ಳುವುದಿಲ್ಲ. "ಮದುವೆ ಆದ್ಮೇಲೆ ತಾನೇ ಹೋಗುತ್ತೆ" ಎಂದು ಹಿರಿಯರು ಹೇಳುವ ಸಮಾಧಾನದ ಮಾತಿನಲ್ಲಿ ಅಪಾಯವಿರುವುದು ಇಲ್ಲಿಯೇ. ಮೊಡವೆ ಹೋಗಬಹುದು, ಕಾಯುತ್ತ ಕುಳಿತ ವರ್ಷಗಳ ಗುಂಡಿಗಳು ಉಳಿಯುತ್ತವೆ.

ತೊಳೆಯುವುದರಿಂದಲೇ ಮೊಡವೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಹಳ ಮಕ್ಕಳಿಗೆ ಔಷಧಿ ಬೇಕಾಗುತ್ತದೆ, ಔಷಧಿ ಇದೆ. ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದರ ಶೇ 2.5ರ ಲೇಪ ಶೇ 10ರಷ್ಟೇ ಗುಣ ಕೊಡುತ್ತದೆ, ಉರಿ ಕಡಿಮೆ. ಟವೆಲು, ಯೂನಿಫಾರ್ಮಿನ ಬಣ್ಣ ತೆಗೆಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಡಾಪಲೀನ್ ಕುಳಿಯ ಬಾಯಿ ಕಟ್ಟುವುದನ್ನೇ ತಡೆಯುತ್ತದೆ. ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಒಣಗಿದ ಮುಖಕ್ಕೆಲ್ಲ, ರಾತ್ರಿ ಹೊತ್ತು, ಮೊದಮೊದಲು ದಿನ ಬಿಟ್ಟು ದಿನ. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಸಾಲದು, ಮುಂದಿನ ತಿಂಗಳ ಗುಳ್ಳೆ ಈಗ ಕಾಣದ ಜಾಗದಲ್ಲಿದೆ. ಮೊದಲ ಎರಡು ಮೂರು ವಾರ ಚರ್ಮ ಸಿಪ್ಪೆ ಏಳಬಹುದು, ಮಕ್ಕಳು ಔಷಧಿ ಬಿಟ್ಟುಬಿಡುವುದು ಆಗಲೇ. ಯಾವುದನ್ನು, ಎಷ್ಟು ಎಂದು ವೈದ್ಯರು ಹೇಳಲಿ. ಆಂಟಿಬಯಾಟಿಕ್ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚುವುದರಿಂದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ನನ್ನನ್ನು ನಿಜವಾಗಿ ಕಳವಳಗೊಳಿಸುವ ಟ್ಯೂಬ್ ಬೇರೆಯದು. ಮೆಡಿಕಲ್ ಶಾಪಿನಲ್ಲಿ "ಮುಖಕ್ಕೆ ಏನಾದ್ರೂ ಕೊಡಿ" ಎಂದು ಕೇಳಿದರೆ ಕೈಗೆ ಬರುವ, ಅಥವಾ ಪಕ್ಕದ ಮನೆಯ ಅಕ್ಕ "ನಂಗೆ ಮೂರೇ ದಿನಕ್ಕೆ ಬೆಳ್ಳಗಾಯ್ತು" ಎಂದು ಕೊಡುವ ಕ್ರೀಮು. ಅದರಲ್ಲಿ ಬಹಳ ಸಲ ಸ್ಟೆರಾಯ್ಡ್ ಇರುತ್ತದೆ. ಸ್ಟೆರಾಯ್ಡು ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಇಳಿಸುತ್ತದೆ, ಮುಖ ತಿಳಿಯಾದಂತೆ ಕಾಣಿಸುತ್ತದೆ. ಎಂಟು ವಾರ ಕಾಯಬೇಕಾದ ಕಾಯಿಲೆಗೆ ಮೂರು ದಿನದ ಉತ್ತರ ಸಿಕ್ಕಂತಾಗುತ್ತದೆ, ಯಾರಿಗೆ ತಾನೇ ಆಸೆಯಾಗದು? ಕೆಲವು ವಾರ, ತಿಂಗಳು ಕಳೆದಂತೆ ಚರ್ಮ ತೆಳುವಾಗುತ್ತದೆ. ಸಣ್ಣ ರಕ್ತನಾಳಗಳು ಮೇಲೆ ಕಾಣುತ್ತವೆ. ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲು ದಟ್ಟವಾಗುತ್ತದೆ. ಒಂದೇ ಅಳತೆಯ ಹೊಸ ಮೊಡವೆಗಳು ಎದ್ದುಬರುತ್ತವೆ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ, ಬಿಸಿಲಿಗೆ ಹೋಗಲಾಗುವುದಿಲ್ಲ. ಆ ಉರಿ ತಾಳದೆ ಮಗು ಮತ್ತೆ ಅದನ್ನೇ ಹಚ್ಚುತ್ತದೆ.

ಇದು ಎಲ್ಲೋ ಅಪರೂಪಕ್ಕೆ ಆಗುವುದಲ್ಲ. ಭಾರತದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯೆಂದು ಬಂದ 2,926 ಜನರನ್ನು ಚರ್ಮವೈದ್ಯರು ವಿಚಾರಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 433 ಮಂದಿ, ಅಂದರೆ ನೂರಕ್ಕೆ ಹದಿನೈದು ಜನ, ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಸುಮಾರು ಕಾಲುಭಾಗ ಜನ ಹಚ್ಚಿದ್ದು ಮೊಡವೆ ಹೋಗಲೆಂದು. ಹತ್ತರಲ್ಲಿ ಒಂಬತ್ತು ಮಂದಿಗೆ ಅದರಿಂದ ತೊಂದರೆಯಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕಂಡ ತೊಂದರೆ ಮೊಡವೆಯೇ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2016ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಲೇಪನ ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಷೆಡ್ಯೂಲ್ ಹೆಚ್ ಪಟ್ಟಿಗೆ ಸೇರಿಸಿತು. ನಿಯಮ ಬಂತು, ಕೇಳಿದರೆ ಕೊಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬೆಳ್ಳಗಿದ್ದರೇ ಚೆಂದ ಎಂಬ ನಮ್ಮ ನಂಬಿಕೆ ಹೋಗುವವರೆಗೆ ಅದು ಹೋಗುವುದೂ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಊಟದ ಮಾತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಹುಡುಗರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ದಿಢೀರನೆ ಏರಿಸದ ಊಟ ಮಾಡಿದವರ ಮೊಡವೆ ಹೆಚ್ಚು ಇಳಿಯಿತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಗೆಡ್ಡೆಗೆಣಸು, ಮೀನು, ತೆಂಗು, ಹಣ್ಣು ತಿಂದು ಬದುಕುವ 1,200 ಜನರನ್ನು ಪರೀಕ್ಷಿಸಿ ಒಂದೂ ಮೊಡವೆ ಕಾಣಲಿಲ್ಲ ಎಂದು 2002ರಲ್ಲಿ ವರದಿಯಾಯಿತು. ತೆಂಗನ್ನು ತಿನ್ನುವ ಜನರಿಗೆ ಮೊಡವೆಯಿಲ್ಲ ಎಂಬುದನ್ನು ಕಡೂರಿನ ಓದುಗರು ಗಮನಿಸಲಿ: ಹೊಟ್ಟೆಗೆ ಹೋದ ತೆಂಗಿಗೂ ಹಣೆಗೆ ಬಳಿದ ಎಣ್ಣೆಗೂ ಸಂಬಂಧವಿಲ್ಲ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು ಇರುವ ಊಟದಲ್ಲಿ ತಿದ್ದಬೇಕಾದ್ದು ಹೆಚ್ಚಿಲ್ಲ. ಬೇಕರಿಯ ಬನ್ನು, ಬಾಟಲಿಯ ಸಿಹಿ ಪಾನೀಯ ಕಡಿಮೆಯಾಗಲಿ. ಹಾಲಿಗೂ ಮೊಡವೆಗೂ ನಂಟಿರುವಂತೆ ಕೆಲವು ಸಮೀಕ್ಷೆಗಳು ತೋರಿಸಿವೆ. ಸಮೀಕ್ಷೆಯ ನಂಟು ಕಾರಣವೆಂದು ಹೇಳಲು ಸಾಲದು. ಆ ಭಯಕ್ಕೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲನ್ನು ಬೆಳೆಯುವ ಮಗುವಿಗೆ ಬಿಡಿಸುವುದು ತಪ್ಪು.

ಮುಖಕ್ಕಾಗುವ ಗಾಯಕ್ಕಿಂತ ಮಾತಿನಿಂದಾಗುವ ಗಾಯ ಕೆಲವು ಮಕ್ಕಳಿಗೆ ದೊಡ್ಡದು. ಮದುವೆ ಮನೆಯ ಚಪ್ಪರದಲ್ಲಿ ದೊಡ್ಡಮ್ಮ ಗಲ್ಲ ಹಿಡಿದು "ಅಯ್ಯೋ, ಮುಖ ಯಾಕೆ ಹಿಂಗಾಗಿದ್ಯೇ?" ಎಂದಾಗ ಹತ್ತು ಜನ ತಿರುಗಿ ನೋಡುತ್ತಾರೆ. ದೊಡ್ಡಮ್ಮನಿಗೆ ಅದು ಅಕ್ಕರೆ. ಹುಡುಗಿ ಮುಂದಿನ ಮದುವೆಗೆ ಬರುವುದಿಲ್ಲ. ನಾರ್ವೆಯ ಓಸ್ಲೊದಲ್ಲಿ 18–19 ವಯಸ್ಸಿನ 3,775 ಮಂದಿಯನ್ನು ಕೇಳಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೀವ್ರ ಮೊಡವೆ ಇದ್ದ ಹುಡುಗಿಯರಲ್ಲಿ ಬದುಕು ಬೇಡವೆನ್ನುವ ಯೋಚನೆ ಇತರರಿಗಿಂತ ಎರಡು ಪಟ್ಟು, ಹುಡುಗರಲ್ಲಿ ಮೂರು ಪಟ್ಟು ಹೆಚ್ಚಿತ್ತು. ಹುಡುಗರಿಗೆ ಇದೆಲ್ಲ ಲೆಕ್ಕಕ್ಕಿಲ್ಲ ಎಂದು ನಾವು ಅಂದುಕೊಂಡಿರುವುದು ಸುಳ್ಳು. ಮೊಡವೆಯ ಮಾತನ್ನು ಮಗುವಿನೊಡನೆ ಒಬ್ಬರೇ ಇರುವಾಗ, ಮಗು ಕೇಳಿದಾಗ ಆಡಿ. ಬೇರೆಯವರು ಆಡಲು ಬಂದರೆ "ಡಾಕ್ಟ್ರಿಗೆ ತೋರಿಸಿದ್ದೀವಿ, ಅದು ಹೋಗುತ್ತೆ" ಎಂದು ಅಲ್ಲಿಗೇ ಮುಗಿಸಿ. ದಿನಾ ಕೆನ್ನೆ ಹಿಡಿದು ಪರೀಕ್ಷೆ ಮಾಡುವುದು ಬೇಡ.

ಒಂದರಿಂದ ಏಳು ವರ್ಷದೊಳಗಿನ ಮಗುವಿಗೆ ಮೊಡವೆ ಬಂದರೆ ತಡಮಾಡದೆ ತೋರಿಸಬೇಕು, ಆ ವಯಸ್ಸಿನಲ್ಲಿ ಅದು ಹಾರ್ಮೋನಿನ ಬೇರೆ ತೊಂದರೆಯ ಸೂಚನೆ ಇರಬಹುದು. ನೋಯುವ ಗಂಟುಗಳು, ಗುಂಡಿ ಬೀಳುವುದು, ತುರಿಸುವ ಒಂದೇ ಅಳತೆಯ ಗುಳ್ಳೆಗಳು, ಮುಟ್ಟಿನ ಏರುಪೇರಿನ ಜೊತೆಗೆ ಮುಖದ ಮೇಲೆ ಕೂದಲು, ಮಂಕಾಗಿ ಮೂಲೆ ಸೇರುವುದು, ಇವಕ್ಕೆಲ್ಲ ಚರ್ಮವೈದ್ಯರೇ ಬೇಕು. ಕಡೂರಿನಿಂದ ಚಿಕ್ಕಮಗಳೂರಿಗೆ ಬಸ್ಸಿದೆ, 2013ರಿಂದ ರೈಲೂ ಇದೆ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ತರೀಕೆರೆ, ಅಜ್ಜಂಪುರದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್‌ಗಳು 10ರಿಂದ 19 ವಯಸ್ಸಿನವರ ಮೈ-ಮನಸ್ಸಿನ ಪ್ರಶ್ನೆಗಳಿಗೆಂದೇ ಇವೆ, ಅಲ್ಲಿಯೂ ಮೊದಲ ಮಾತು ಕೇಳಬಹುದು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಮಗುವಿನ ಕನ್ನಡಿಯ ಪಕ್ಕದಲ್ಲಿ ಯಾವ ಟ್ಯೂಬ್ ಇದೆ ನೋಡಿ, ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಗುವಿನಿಂದಲೇ ಓದಿಸಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲುಯೊಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದು ಕಂಡರೂ ಅದು ಸ್ಟೆರಾಯ್ಡ್. ಬಹಳ ದಿನದಿಂದ ಹಚ್ಚುತ್ತಿದ್ದರೆ ನಿಮ್ಮಷ್ಟಕ್ಕೆ ನೀವೇ ತಟ್ಟನೆ ನಿಲ್ಲಿಸಬೇಡಿ, ಮಗುವನ್ನು ಬೈಯಬೇಡಿ. ಟ್ಯೂಬ್ ಹಿಡಿದುಕೊಂಡು ಮಗುವನ್ನು ಈ ವಾರವೇ ವೈದ್ಯರ ಹತ್ತಿರ ಕರೆದೊಯ್ಯಿರಿ.